ಹೊಟ್ಟು

ಗುತ್ತಲು ರಸ್ತೆಯ ಅಕ್ಕಿ ಗಿರಣಿಯಲ್ಲಿ
ನನ್ನದು ಹೊಟ್ಟು ಗುಡಿಸುವ ಕೆಲಸ.
ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ
ಹುಡುಗಿಯಂಥ ಡಾಕ್ಟರು
ಬೈತಲೆ ಬಿಡಿಸಿ ನೋಡಿ
‘ಹೊಟ್ಟು’ ಅಂದಾಗ
ನಗು ಬಂತು.
ಅದನ್ನೇ ಅಲ್ವಾ ತಾಯಿ, ಹನ್ನೊಂದು ವರ್ಷದಿಂದ
ಮಂಕರಿಗೆ ತುಂಬ್ತಾ ಇರೋದು.

ಅವಳು ನಗಲಿಲ್ಲ.
‘ಯಾವಾಗ ಕೆರೆಯುತ್ತೆ?’ ಅಂದಳು.

ಯಾರೂ ಕೇಳಿರಲಿಲ್ಲ ಇದನ್ನು.
ಎಲ್ಲರೂ ಮದ್ದು ಹೇಳಿದವರೇ.
ಜವರಕ್ಕ ಹುಳಿಮೊಸರು, ಅವಳ ಸೊಸೆ ಬೇವು,
ಮೂಲೆಮನೆ ನಿಂಗಾಜಮ್ಮ ದಾಸವಾಳದ ಲೋಳೆ,
ಲಾರಿ ಡ್ರೈವರು, ಕೇಳದೆ ಇದ್ದರೂ, ಸೀಮೆಎಣ್ಣೆ.
ಅತ್ತೆಯದು ಮಾತ್ರ ಹರಳೆಣ್ಣೆ, ಅದರ ಮೇಲೆ ಹರಳೆಣ್ಣೆ,
ನೆತ್ತಿ ತಂಪಾದರೆ ಎಲ್ಲ ತಂಪು ಅಂತ.
ದಿಂಬು ತಂಪಾಯಿತು.

ಯಾವಾಗ ಕೆರೆಯುತ್ತೆ?
ಹಗಲು ಇಲ್ಲ. ಹಗಲು ಎರಡೂ ಕೈಗೆ ಕೆಲಸ,
ಮೊರ, ಪೊರಕೆ, ಗೋಣಿಯ ಬಾಯಿ.
ಟವಲು ಸುತ್ತಿದರೆ
ತಲೆ ನನ್ನದೆಂಬುದೇ ಮರೆತುಹೋಗುತ್ತೆ.
ಸಂಜೆ ಬಿಚ್ಚಿದಾಗ ಶುರು:
ಕಿವಿಯ ಹಿಂದೆ ಒಂದು ಇರುವೆ,
ನೆತ್ತಿಯ ಮೇಲೆ ಅದರ ನೆಂಟರು,
ದೀಪ ಆರಿಸಿದ ಮೇಲೆ ಪೂರಾ ದಿಬ್ಬಣ.

ನಮ್ಮ ಕಡೆ ಕೆರೆ ಅಂದರೆ ನೀರು.
ನನಗೆ ಕೆರೆ ಅಂದರೆ ಉಗುರು.
ಆ ಕೆರೆಗಾದರೂ ತೂಬು ಇರುತ್ತೆ,
ಸಾಕೆನಿಸಿದಾಗ ಇಳಿಸಬಹುದು.
ಬೆಳಿಗ್ಗೆ ಉಗುರ ಸಂದಿಯಲ್ಲಿ ಬಿಳಿ,
ಒಂದೊಂದು ದಿನ ಕೆಂಪು.

ಸಂಘದ ಸಭೆಯಲ್ಲಿ ಸಾಲದ ಪುಸ್ತಕ ನನ್ನ ಮುಂದಿತ್ತು,
ಕೈ ತಾನಾಗಿ ಮೇಲೆ ಹೋಯಿತು.
‘ಯಾಕಮ್ಮಿ ಚಿಕ್ಕತಾಯಿ, ಲೆಕ್ಕ ತಿಳೀಲಿಲ್ವಾ,
ತಲೆ ಕೆರ್ಕತಾ ಕೂತಿದ್ದೀಯಲ್ಲ?’
ಹದಿಮೂರು ಜನ ನಕ್ಕರು.
ಲೆಕ್ಕ ತಿಳಿದಿತ್ತು.
ಒಂದು ಕಂತು ಅವರೇ ಬರೆದಿರಲಿಲ್ಲ.
ಹೇಳಲು ಹೊರಟವಳು ಕೈ ಇಳಿಸಿ
ಅದರ ಮೇಲೆ ಕೂತುಕೊಂಡೆ.

ಇದನ್ನೆಲ್ಲ ಡಾಕ್ಟರಿಗೆ ಹೇಳಲಿಲ್ಲ.
‘ರಾತ್ರಿ’ ಅಂದೆ.

ಇದು ಕೊಳೆಯಲ್ಲ, ಹೇನೂ ಅಲ್ಲ,
ನೀವು ಏನೋ ಮಾಡಿದ್ದಕ್ಕೆ ಬಂದದ್ದಲ್ಲ, ಅಂದಳು.
ಚರ್ಮಕ್ಕೆ ಸ್ವಲ್ಪ ಅವಸರ,
ಹಳೆಯದು ಹೋಗುವ ಮೊದಲೇ ಹೊಸದು ನೂಕುತ್ತಿದೆ.
ಎಣ್ಣೆ ಅದಕ್ಕೆ ಊಟ, ಸದ್ಯಕ್ಕೆ ನಿಲ್ಲಿಸಿ.
ವಾರಕ್ಕೆರಡು ಸಲ ಈ ಶಾಂಪೂ,
ನೊರೆ ಬಂದ ಮೇಲೆ ಐದು ನಿಮಿಷ ಹಾಗೇ ಬಿಡಿ.
‘ಬಿಟ್ಟು?’
‘ಬಿಟ್ಟು, ಸುಮ್ಮನೆ ಕೂತಿರಿ.’

ಬಚ್ಚಲ ಕಲ್ಲಿನ ಮೇಲೆ ಐದು ನಿಮಿಷ.
ಅಷ್ಟು ಉದ್ದ ಇರುತ್ತೆಂದು ಗೊತ್ತಿರಲಿಲ್ಲ.
ಬೋರಿನ ನೀರು ನಿಂತೂ ನಿಂತೂ
ಬಕೆಟ್ಟಿನೊಳಗೆ ಸುಣ್ಣದ ಗೆರೆ, ಎಣಿಸಿದೆ, ಏಳು.
ಹೊರಗೆ ಕಬ್ಬಿನ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಹೋಯಿತು,
ಪೂರ್ತಿ ದೂರವಾಗುವ ತನಕ ಕೇಳಿದೆ.
ಕಿವಿಯ ಹತ್ತಿರ ನೊರೆ ಚಿಟಿಚಿಟಿ ಅನ್ನುತ್ತಿತ್ತು,
ಎಸರು ಕಾಯಲು ಶುರುವಾದ ಹಾಗೆ.
ಅತ್ತೆ ಬಾಗಿಲು ಬಡಿದರು:
‘ಸತ್ಗಿತ್ ಹೋದ್ಯೇನಮ್ಮಿ ಒಳ್ಗೆ?’
‘ಇಲ್ಲ ಕಣತ್ತೆ, ಮದ್ದು ಕೂತಾದೆ.’
ಕೂತದ್ದು ನಾನು.
ಆಗಲೇ ನೆನಪಾದದ್ದು,
ತಪ್ಪಿದ ಕಂತು ಜೂನ್ ತಿಂಗಳದು, ನಾನೂರೈವತ್ತು.
ತಲೆಗೆ ನೀರು ಹೊಯ್ದುಕೊಂಡು
ಒದ್ದೆ ಬೆರಳಲ್ಲೇ ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ.

ಪೂರಾ ಹೋಯಿತು ಅನ್ನುವಂತಿಲ್ಲ.
ಚಳಿ ಬಿದ್ದಾಗ, ಭತ್ತದ ಲಾರಿ ಸಾಲು ನಿಂತಾಗ
ಕಿವಿಯ ಹಿಂದಿನ ಇರುವೆ ಬಂದು
ವಿಚಾರಿಸಿಕೊಂಡು ಹೋಗುತ್ತೆ.
ಈಗ ಉಗುರು ಕೊಡುವುದಿಲ್ಲ.
ಬೆರಳ ಮೆತ್ತನೆ ಭಾಗ ಇಟ್ಟು ಒತ್ತಿ ಹಿಡಿಯುತ್ತೇನೆ,
ಗೋಣಿಯ ಹೊಲಿಗೆ ಬಿಟ್ಟಲ್ಲಿ
ಅಕ್ಕಿ ಸೋರದಂತೆ ಹೆಬ್ಬೆಟ್ಟು ಇಡುವ ಹಾಗೆ.

ಮೊನ್ನೆ ಊಟದ ಹೊತ್ತು,
ಹೊಸದಾಗಿ ಸೇರಿದ ಜಬೀನಾ
ಗೋಡೆಗೆ ತಿರುಗಿ, ಸೆರಗಿನೊಳಗೆ,
ಪೊರಕೆ ಕಡ್ಡಿಯಲ್ಲಿ ಕೆರೆಯುತ್ತಿದ್ದಳು.
ಶಾಂಪೂ ಹೆಸರು ನಾಲಿಗೆ ತುದಿಗೆ ಬಂದಿತ್ತು.
ನುಂಗಿಕೊಂಡೆ.
ಬುತ್ತಿ ಎತ್ತಿಕೊಂಡು ಅವಳ ಪಕ್ಕಕ್ಕೆ ಹೋಗಿ
ಕೇಳಿದೆ,
‘ಯಾವಾಗವ್ವ ಕೆರೆಯೋದು?’